ಊಪ್ಸ್ ಅಂದ್ರೆ ನಾಲ್ಕು ಪಿಲ್ಲರ್ ಅಷ್ಟೇನಾ?

ಮೂರನೇ ಸೆಮಿಸ್ಟರ್ ದಾಟಿದ ಯಾವುದೇ ಸಿಎಸ್ ವಿದ್ಯಾರ್ಥಿಯನ್ನ ನಿದ್ದೆಯಿಂದ ಎಬ್ಬಿಸಿ ಕೇಳಿ, ಊಪ್ಸ್‌ನ ನಾಲ್ಕು ಪಿಲ್ಲರ್ ಯಾವುವು ಅಂತ. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್ಹೆರಿಟೆನ್ಸ್, ಪಾಲಿಮಾರ್ಫಿಸಂ. ಕಣ್ಣೂ ಬಿಡದೆ ಹೇಳ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿ: ಫಸ್ಟ್ ಇಯರ್‌ನಲ್ಲಿ ಸಿ ಭಾಷೆಯಲ್ಲಿ ಫಂಕ್ಷನ್ ಬರ್ಕೊಂಡು ಆರಾಮಾಗಿದ್ವಲ್ಲ, ಈ ಕ್ಲಾಸು, ಆಬ್ಜೆಕ್ಟು ಎಲ್ಲ ಯಾಕೆ ಬೇಕಾಯ್ತು? ಈಗ ನಿಜವಾಗಿಯೂ ಕಣ್ಣು ಬಿಡ್ತಾರೆ.

ಈ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊದಲನೆಯದಕ್ಕೆ ಉತ್ತರ ಹೇಳೋದು ವ್ಯರ್ಥ ಅನ್ನೋದು ನನ್ನ ಅಭಿಪ್ರಾಯ. ಪ್ರೊಸೀಜರಲ್‌ನಿಂದ ಆಬ್ಜೆಕ್ಟ್ ಓರಿಯೆಂಟೆಡ್‌ಗೆ ಹೋಗೋದನ್ನ ನಾವು ಸಿಲಬಸ್ ಬದಲಾದ ಹಾಗೆ ಕಲೀತಿದ್ದೀವಿ. ನಿಜವಾಗಿ ಅದು ಒಂದು ತೊಂದರೆಗೆ ಪರಿಹಾರ. ತೊಂದರೆ ಏನು ಅಂತ ನೋಡದೇ ಇರೋರಿಗೆ ಪರಿಹಾರ ಕೊಟ್ರೆ ಅದು ಬರೀ ಬಾಯಿಪಾಠ ಆಗುತ್ತೆ. ಜ್ವರ ಬರೋ ಮುಂಚೆ ಮಾತ್ರೆ ನುಂಗಿಸಿದ ಹಾಗೆ.

ಲ್ಯಾಬ್‌ನಲ್ಲಿ ನಾವು ಮಾಡೋದೇನು?

ವಿಟಿಯು 2022ರ ಸ್ಕೀಮ್ ನೋಡಿ. ಮೊದಲ ವರ್ಷ ಸಿ. ಮೂರನೇ ಸೆಮಿಸ್ಟರ್‌ನಲ್ಲಿ ಜಾವಾ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಲ್ಯಾಬ್‌ನಲ್ಲಿ ಶೇಪ್ ಅಂತ ಒಂದು ಕ್ಲಾಸ್, ಅದರ ಕೆಳಗೆ ಸರ್ಕಲ್, ಟ್ರಯಾಂಗಲ್, ಸ್ಕ್ವೇರ್. ಎಲ್ಲದಕ್ಕೂ ಡ್ರಾ ಮತ್ತು ಇರೇಸ್ ಅಂತ ಎರಡು ಮೆಥಡ್. ರನ್ ಮಾಡಿದ್ರೆ ಸ್ಕ್ರೀನ್ ಮೇಲೆ ಒಂದು ವೃತ್ತವೂ ಬರಲ್ಲ, ‘ಡ್ರಾಯಿಂಗ್ ಸರ್ಕಲ್’ ಅಂತ ಪ್ರಿಂಟ್ ಆಗುತ್ತೆ, ಅಷ್ಟೇ. ಔಟ್‌ಪುಟ್ ತೋರಿಸಿ, ರೆಕಾರ್ಡ್‌ಗೆ ಸೈನ್ ಹಾಕಿಸಿಕೊಂಡು ಕ್ಯಾಂಟೀನ್‌ಗೆ ಹೋಗ್ತೀವಿ.

ಈ ಪ್ರೋಗ್ರಾಂ ತಪ್ಪು ಅಂತ ನಾನು ಹೇಳ್ತಿಲ್ಲ. ಸಿಂಟ್ಯಾಕ್ಸ್ ಕಲಿಯೋಕೆ ಸಾಕು. ಆದ್ರೆ ಇದೇ ಕೆಲಸವನ್ನ ಸಿ ಭಾಷೆಯಲ್ಲಿ ಮೂರು ಫಂಕ್ಷನ್ ಬರೆದು ಇನ್ನೂ ಬೇಗ ಮುಗಿಸಬಹುದು. ನಲವತ್ತು ಸಾಲಿನ ಪ್ರೋಗ್ರಾಂಗೆ ಕ್ಲಾಸ್ ಒಂದು ಹೊರೆ. ಹಾಗಾಗಿ ಬುದ್ಧಿ ಇರೋ ಹುಡುಗರಿಗೆ ‘ಇದೆಲ್ಲ ಸುಮ್ನೆ ಉದ್ದ ಮಾಡೋ ಕೆಲಸ’ ಅಂತ ಅನಿಸೋದು ಸಹಜ. ಕ್ಲಾಸ್‌ನ ಬೆಲೆ ಗೊತ್ತಾಗೋದು ಪ್ರೋಗ್ರಾಂ ಬೆಳೆದಾಗ, ಎರಡು ವರ್ಷ ಬಿಟ್ಟು ಅದನ್ನ ಬದಲಾಯಿಸಬೇಕಾದಾಗ. ನಮ್ಮ ಲ್ಯಾಬ್ ಪ್ರೋಗ್ರಾಂಗಳಿಗೆ ಎರಡು ವರ್ಷ ಆಯಸ್ಸೇ ಇಲ್ಲ. ಎರಡು ಗಂಟೆ ಅಷ್ಟೇ.

ಆಯಸ್ಸು ಇರೋ ಕೋಡ್ ಹೇಗಿರುತ್ತೆ ಅಂತ ನಾನು ನೋಡಿದ್ದು ನನ್ನ ದೊಡ್ಡಮ್ಮನ ಮಗನ ಹತ್ರ. ಅಣ್ಣ ಬಸವೇಶ್ವರನಗರದಲ್ಲಿ ಮನೆಯಿಂದಲೇ ವೆಬ್ ಡೆವಲಪರ್ ಆಗಿ ಕೆಲಸ ಮಾಡ್ತಾನೆ. ದೊಡ್ಡ ಕಂಪನಿ ಕೆಲಸ ಅಲ್ಲ. ಸುತ್ತಮುತ್ತಲಿನ ಅಂಗಡಿ, ಟ್ಯೂಷನ್ ಸೆಂಟರ್, ಛತ್ರ, ಇಂಥವರಿಗೆ ಪಿಎಚ್‌ಪಿಯಲ್ಲಿ ವೆಬ್‌ಸೈಟ್ ಮಾಡಿಕೊಡ್ತಾನೆ. ಅವನು ಪ್ರೊಸೀಜರಲ್‌ನಿಂದ ಆಬ್ಜೆಕ್ಟ್‌ಗೆ ಬಂದಿದ್ದು ಯಾವ ಕೋರ್ಸ್‌ನಿಂದಲೂ ಅಲ್ಲ, ಒಂದು ಛತ್ರದಿಂದ. ಆ ಕಥೆಯನ್ನ ಸ್ವಲ್ಪ ಡೀಟೇಲ್ ಆಗಿ ಹೇಳ್ತೀನಿ, ಯಾಕಂದ್ರೆ ನನ್ನ ವಾದ ಎಲ್ಲ ಅದರಲ್ಲೇ ಇದೆ.

ಒಂದು ಛತ್ರ, ಒಂಬತ್ತು ಫೈಲು

ರಾಜಾಜಿನಗರ, ವಿಜಯನಗರ ಕಡೆ ಎಷ್ಟು ಛತ್ರಗಳಿವೆ ಅಂತ ನಿಮಗೇ ಗೊತ್ತು. ಅಂಥದ್ದೊಂದು ಛತ್ರದವರಿಗೆ ಅಣ್ಣ 2015ರಲ್ಲಿ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟ. ಒಂಬತ್ತು ಪಿಎಚ್‌ಪಿ ಫೈಲು. ಒಂದು ಫೈಲ್ ಕ್ಯಾಲೆಂಡರ್ ತೋರಿಸುತ್ತೆ, ಒಂದು ಬುಕಿಂಗ್ ಸೇವ್ ಮಾಡುತ್ತೆ, ಒಂದು ಬಿಲ್ ಹಾಕುತ್ತೆ, ಒಂದು ಕ್ಯಾನ್ಸಲ್ ಮಾಡುತ್ತೆ. ಪ್ರತಿ ಫೈಲೂ ಮೇಲಿಂದ ಕೆಳಗೆ ಓಡುತ್ತೆ: ಡೇಟಾಬೇಸ್‌ಗೆ ಕನೆಕ್ಟ್ ಆಗು, ರೋ ತಗೋ, ನಾಲ್ಕು ಇಫ್ ಹಾಕು, ಪೇಜ್ ಪ್ರಿಂಟ್ ಮಾಡು. ಒಂದು ವಾರದಲ್ಲಿ ಕೆಲಸ ಮುಗೀತು. ಛತ್ರದವರಿಗೆ ಖುಷಿ, ಅಣ್ಣನಿಗೂ ದುಡ್ಡು ಬಂತು. ಇಲ್ಲಿವರೆಗೆ ಪ್ರೊಸೀಜರಲ್‌ನಲ್ಲಿ ಒಂದು ತಪ್ಪೂ ಇಲ್ಲ. ಇದನ್ನ ಅವನು ಆಗಲೇ ಕ್ಲಾಸ್ ಕಟ್ಟಿಕೊಂಡು ಮಾಡಿದ್ದಿದ್ರೆ ಒಂದು ತಿಂಗಳು ಹಿಡೀತಿತ್ತು, ಪ್ರಯೋಜನ ಏನೂ ಇರ್ತಿರಲಿಲ್ಲ.

ತೊಂದರೆ ಶುರುವಾಗಿದ್ದು ಮದುವೆಯಿಂದ. ನಮ್ಮ ಕಡೆ ಮದುವೆ ಅಂದ್ರೆ ಹಿಂದಿನ ದಿನ ಸಂಜೆ ರಿಸೆಪ್ಷನ್, ಮಾರನೇ ದಿನ ಬೆಳಿಗ್ಗೆ ಮುಹೂರ್ತ. ಇನ್ವಿಟೇಷನ್‌ನಲ್ಲಿ ಮುಹೂರ್ತ ಭಾನುವಾರ ಅಂತ ಇದ್ರೂ ಛತ್ರ ಶನಿವಾರ ಮಧ್ಯಾಹ್ನದಿಂದಲೇ ಬೇಕು. ಆದ್ರೆ ಟೇಬಲ್‌ನಲ್ಲಿ ಇದ್ದಿದ್ದು ‘ದಿನಾಂಕ’ ಅಂತ ಒಂದೇ ಕಾಲಂ. ಅಣ್ಣ ಬುಕಿಂಗ್ ಸೇವ್ ಮಾಡೋ ಫೈಲ್‌ನಲ್ಲಿ ಒಂದು ಇಫ್ ಹಾಕಿದ: ಫಂಕ್ಷನ್ ಮದುವೆ ಆಗಿದ್ರೆ ಹಿಂದಿನ ಸಂಜೆ ಖಾಲಿ ಇದೆಯಾ ಅಂತಲೂ ನೋಡು. ಸರಿ ಹೋಯ್ತು.

ಸ್ವಲ್ಪ ತಿಂಗಳಾದ ಮೇಲೆ ಫೋನ್‌ನಲ್ಲಿ ಬರೋ ಬುಕಿಂಗ್‌ಗೆ ಅಂತ ಮ್ಯಾನೇಜರ್‌ಗೆ ಬೇರೆ ಪೇಜ್ ಮಾಡಿಕೊಟ್ಟ. ಆ ಪೇಜ್‌ನಲ್ಲಿ ಆ ಇಫ್ ಇರಲಿಲ್ಲ. ಒಂದು ಶನಿವಾರ ಸಂಜೆ ಯಾರದ್ದೋ ಮಗುವಿನ ಬರ್ತ್‌ಡೇಗೆ ಹಾಲ್ ಕೊಟ್ಟಿತ್ತು, ಅದೇ ಸಂಜೆ ಇನ್ನೊಬ್ಬರ ರಿಸೆಪ್ಷನ್. ಮ್ಯಾನೇಜರ್ ಹಳೇ ಕಾಲದವರು, ಪುಸ್ತಕದಲ್ಲೂ ಬರೆದು ಇಟ್ಕೋತಿದ್ರು. ಅದರಿಂದ ಹದಿನೈದು ದಿನ ಮುಂಚೆಯೇ ಗೊತ್ತಾಯ್ತು. ಬರ್ತ್‌ಡೇ ಮನೆಯವರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಕೈ ಮುಗಿದರು. ಮದುವೆ ದಿನ ಗೊತ್ತಾಗಿದ್ರೆ? ಛತ್ರದ ಬಾಗಿಲಲ್ಲಿ ಎರಡು ಮನೆ ಜನ, ಎರಡು ಕಡೆಯ ಅಡುಗೆಯವರು. ಯೋಚನೆ ಮಾಡಿ.

ಇಲ್ಲಿ ಗಮನಿಸಿ, ಯಾವ ಫಂಕ್ಷನ್ನೂ ತಪ್ಪಾಗಿರಲಿಲ್ಲ. ಪ್ರತಿ ಫೈಲೂ ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ತಪ್ಪಿದ್ದಿದ್ದು ಬೇರೆ ಕಡೆ. ‘ಒಂದು ಮದುವೆಗೆ ಯಾವ ಯಾವ ಹೊತ್ತು ಬೇಕು’ ಅನ್ನೋ ವಿಷಯಕ್ಕೆ ಒಬ್ಬ ಯಜಮಾನ ಇರಲಿಲ್ಲ. ಆ ವಿಷಯ ಒಂಬತ್ತು ಫೈಲಲ್ಲಿ ಹಂಚಿಹೋಗಿತ್ತು, ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ.

ಸ್ಟೇಟಸ್ ಕಥೆನೂ ಇದೇ. ಮೊದಲು 1 ಅಂದ್ರೆ ಬುಕ್ ಆಗಿದೆ, 2 ಅಂದ್ರೆ ಕ್ಯಾನ್ಸಲ್. ಆಮೇಲೆ ‘ಜೋಯಿಸರನ್ನ ಕೇಳಿ ಎರಡು ದಿನದಲ್ಲಿ ಹೇಳ್ತೀವಿ, ಡೇಟ್ ಹಿಡಿದಿಡಿ’ ಅನ್ನೋರಿಗೆ ಅಂತ 3 ಸೇರಿಸಿದ. ಕ್ಯಾಲೆಂಡರ್ ಪೇಜ್ ‘1 ಆಗಿದ್ರೆ ಮಾತ್ರ ಕೆಂಪು’ ಅಂತ ನೋಡ್ತಿತ್ತು, ಹಾಗಾಗಿ ಹಿಡಿದಿಟ್ಟ ದಿನ ಖಾಲಿ ಅಂತ ಕಾಣಿಸ್ತು. ರಿಪೋರ್ಟ್ ಪೇಜ್ ‘2 ಅಲ್ಲದಿದ್ರೆ ಬುಕ್ ಆಗಿದೆ’ ಅಂತ ನೋಡ್ತಿತ್ತು, ಹಾಗಾಗಿ ಅದೇ ದಿನವನ್ನ ಬುಕ್ ಆಗಿದೆ ಅಂತ ಲೆಕ್ಕ ಹಾಕ್ತು. 2017ರ ಜುಲೈ 1ಕ್ಕೆ ಸರ್ವಿಸ್ ಟ್ಯಾಕ್ಸ್ ಹೋಗಿ ಜಿಎಸ್‌ಟಿ ಬಂದಾಗಲಂತೂ ಟ್ಯಾಕ್ಸ್ ಲೆಕ್ಕದ ಸಾಲು ಮೂರು ಫೈಲಲ್ಲಿ ಸಿಕ್ತು.

ಆಷಾಢದಲ್ಲಿ ಆದ ಬದಲಾವಣೆ

ಆಷಾಢದಲ್ಲಿ ಮದುವೆ ಇರಲ್ಲ, ಛತ್ರ ಖಾಲಿ. ಅಣ್ಣ ಆ ತಿಂಗಳನ್ನೇ ಆರಿಸಿಕೊಂಡ. ಮೊದಲು ಅವನು ಮಾಡಿದ್ದು ಒಂದೇ ಕ್ಲಾಸ್: ಬುಕಿಂಗ್. ಅದಕ್ಕೆ ‘ನಿನಗೆ ಯಾವ ಯಾವ ಹೊತ್ತು ಬೇಕು’ ಅಂತ ಕೇಳಿದ್ರೆ ಅದೇ ಲಿಸ್ಟ್ ಕೊಡುತ್ತೆ: ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ. ಕ್ಯಾಲೆಂಡರ್ ಪೇಜ್ ಇರಲಿ, ಫೋನ್ ಪೇಜ್ ಇರಲಿ, ಎಲ್ಲರೂ ಅದನ್ನೇ ಕೇಳಬೇಕು. ಸ್ಟೇಟಸ್ ಪ್ರೈವೇಟ್. ಹೊರಗಿನ ಯಾವ ಫೈಲೂ ನೇರವಾಗಿ 3 ಅಂತ ಬರೆಯೋ ಹಾಗಿಲ್ಲ. ‘ಹಿಡಿದಿಡು’, ‘ಖಚಿತ ಮಾಡು’, ‘ರದ್ದು ಮಾಡು’ ಅಂತ ಮೂರು ಮೆಥಡ್, ಅವುಗಳ ಮೂಲಕವೇ ಬರಬೇಕು.

ನಾವು ಎಕ್ಸಾಂನಲ್ಲಿ ಎನ್‌ಕ್ಯಾಪ್ಸುಲೇಷನ್ ಅಂದ್ರೆ ‘ಡೇಟಾ ಮತ್ತು ಮೆಥಡ್‌ಗಳನ್ನು ಒಂದೇ ಯೂನಿಟ್‌ನಲ್ಲಿ ಕಟ್ಟುವುದು’ ಅಂತ ಬರೀತೀವಲ್ಲ, ಅದು ಇದೇ. ಆದ್ರೆ ಕಟ್ಟೋದು ಮುಖ್ಯ ಅಲ್ಲ. ಒಂದು ಮಾಹಿತಿಗೆ ಒಬ್ಬನೇ ಜವಾಬ್ದಾರ ಅಂತ ಗೊತ್ತುಮಾಡೋದು ಮುಖ್ಯ. ಡೆಫಿನಿಷನ್‌ನಲ್ಲಿ ಆ ಜವಾಬ್ದಾರಿ ಅನ್ನೋ ಮಾತೇ ಕಾಣಲ್ಲ.

ಬಿಲ್ ಕಡೆ ಬನ್ನಿ. ಛತ್ರದ ಬಿಲ್ ಅಂದ್ರೆ ಬರೀ ಬಾಡಿಗೆ ಅಲ್ಲ. ಕರೆಂಟ್ ಮೀಟರ್ ಯೂನಿಟ್ ಲೆಕ್ಕದಲ್ಲಿ, ಜನರೇಟರ್ ಗಂಟೆ ಲೆಕ್ಕದಲ್ಲಿ, ಕ್ಲೀನಿಂಗ್‌ಗೆ ಇಷ್ಟು ಅಂತ ಫಿಕ್ಸೆಡ್, ಕಳೆದುಹೋದ ಪಾತ್ರೆಗೆ ಬೇರೆ. ಹಳೇ ಕೋಡ್‌ನಲ್ಲಿ ಇದಕ್ಕೆಲ್ಲ ಒಂದು ದೊಡ್ಡ ಇಫ್-ಎಲ್ಸ್ ಇತ್ತು. ಹೊಸದರಲ್ಲಿ ಪ್ರತಿ ಖರ್ಚೂ ಒಂದು ಆಬ್ಜೆಕ್ಟ್, ಪ್ರತಿಯೊಂದಕ್ಕೂ ‘ಮೊತ್ತ’ ಅನ್ನೋ ಮೆಥಡ್. ಬಿಲ್ ಎಲ್ಲರನ್ನೂ ‘ನಿನ್ನದು ಎಷ್ಟಾಯ್ತು’ ಅಂತ ಕೇಳಿ ಕೂಡಿಸುತ್ತೆ. ಯೂನಿಟ್ಟೋ ಗಂಟೆಯೋ ಅದಕ್ಕೆ ಗೊತ್ತಿರಬೇಕಾಗಿಲ್ಲ. ಮುಂದೆ ವ್ಯಾಲೆ ಪಾರ್ಕಿಂಗ್ ಬಂದಾಗ ಬಿಲ್ ಕೋಡ್‌ನಲ್ಲಿ ಒಂದು ಸಾಲೂ ಬದಲಾಗಲಿಲ್ಲ, ಒಂದು ಹೊಸ ಕ್ಲಾಸ್ ಬಂತು ಅಷ್ಟೇ. ಪಾಲಿಮಾರ್ಫಿಸಂ ಅಂದ್ರೆ ಏನು ಅಂತ ನನಗೆ ಇದನ್ನ ನೋಡಿದ ಮೇಲೆ ಮರೀಲಿಲ್ಲ. ಸರ್ಕಲ್, ಟ್ರಯಾಂಗಲ್ ಯಾಕೋ ಹಾಗೆ ತಲೆಯಲ್ಲಿ ಕೂರಲ್ಲ.

ಇನ್ಹೆರಿಟೆನ್ಸ್ ವಿಷಯದಲ್ಲಿ ಮಾತ್ರ ಅವನ ಮೊದಲ ಪ್ಲಾನ್ ನಿಲ್ಲಲಿಲ್ಲ. ಮದುವೆ ಬುಕಿಂಗ್, ಮುಂಜಿ ಬುಕಿಂಗ್, ನಾಮಕರಣ ಬುಕಿಂಗ್, ಸೀಮಂತ ಬುಕಿಂಗ್, ಹೀಗೆ ಬುಕಿಂಗ್ ಕೆಳಗೆ ಮರದ ಕೊಂಬೆ ಹಾಗೆ ಸಬ್‌ಕ್ಲಾಸ್ ಮಾಡಿದ. ನೋಡೋಕೆ ನಮ್ಮ ಟೆಕ್ಸ್ಟ್‌ಬುಕ್ ಡಯಾಗ್ರಾಂ ಥರನೇ ಇತ್ತು. ಆಮೇಲೆ ಒಂದು ಕುಟುಂಬ ಬಂತು: ಹುಡುಗನಿಗೆ ಮುಂಜಿ ಆಗಿಲ್ಲ, ಮುಂಜಿ, ರಿಸೆಪ್ಷನ್, ಮದುವೆ ಎಲ್ಲ ಒಟ್ಟಿಗೆ ಮಾಡ್ತೀವಿ ಅಂತ. ಇದು ಯಾವ ಕ್ಲಾಸ್? ಪಿಎಚ್‌ಪಿಯಲ್ಲಿ, ಜಾವಾದಲ್ಲಿ ಇದ್ದ ಹಾಗೇ, ಒಂದು ಕ್ಲಾಸ್‌ಗೆ ಇಬ್ಬರು ಅಪ್ಪಂದಿರು ಇರೋಕಾಗಲ್ಲ. ಕೊನೆಗೆ ಆ ಸಬ್‌ಕ್ಲಾಸ್ ಎಲ್ಲ ತೆಗೆದ. ಒಂದೇ ಬುಕಿಂಗ್, ಅದರ ಒಳಗೆ ಹೊತ್ತುಗಳ ಒಂದು ಲಿಸ್ಟ್. ಮದುವೆ, ಮುಂಜಿ ಅನ್ನೋದು ಆ ಲಿಸ್ಟ್‌ಗೆ ಮೊದಲು ಏನೇನು ತುಂಬಬೇಕು ಅಂತ ಮಾತ್ರ ಹೇಳುತ್ತೆ. 1994ರಲ್ಲಿ ಬಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕವೇ ಇನ್ಹೆರಿಟೆನ್ಸ್‌ಗಿಂತ ಕಾಂಪೊಸಿಷನ್ ಕಡೆ ಒಲವು ಇಟ್ಕೊಳ್ಳಿ ಅಂತ ಹೇಳಿದೆ. ನಮ್ಮ ಲ್ಯಾಬ್‌ನಲ್ಲಿ ಮಾತ್ರ ಇನ್ಹೆರಿಟೆನ್ಸ್‌ಗೇ ರಾಜಮರ್ಯಾದೆ.

ಇದೆಲ್ಲ ಒಂದೇ ಸಲ ಆಗಲಿಲ್ಲ. ಎರಡು ಆಷಾಢ ಹಿಡೀತು. ಮೊದಲ ವರ್ಷ ಬುಕಿಂಗ್ ಮಾತ್ರ, ಎರಡನೇ ವರ್ಷ ಬಿಲ್. ಲಾಗಿನ್ ಪೇಜ್ ಇವತ್ತಿಗೂ ಹಳೇ ಪ್ರೊಸೀಜರಲ್ ಕೋಡೇ. ‘ಅದು ಕೆಲಸ ಮಾಡ್ತಿದೆ, ಯಾರಿಗೂ ತೊಂದರೆ ಕೊಡ್ತಿಲ್ಲ, ಯಾಕೆ ಮುಟ್ಟಲಿ’ ಅಂತಾನೆ. ಈ ಮಾತು ನನಗೆ ತುಂಬಾ ಇಷ್ಟ ಆಯ್ತು. ಆಬ್ಜೆಕ್ಟ್ ಓರಿಯೆಂಟೆಡ್ ಅನ್ನೋದು ಧರ್ಮ ಅಲ್ಲ, ಪೂರ್ತಿ ಮತಾಂತರ ಆಗಬೇಕಾಗಿಲ್ಲ. ನೋವು ಇರೋ ಕಡೆ ಔಷಧಿ ಹಚ್ಚಿದ್ರೆ ಸಾಕು.

ದೊಡ್ಡವರ ಕಥೆಯೂ ಇದೇ

ಇದು ಒಂದು ಛತ್ರದ ಕಥೆ, ಇದರಿಂದ ಏನು ಪ್ರೂವ್ ಆಗುತ್ತೆ ಅಂತ ಕೇಳಬಹುದು. ಹಾಗಾದ್ರೆ ಚರಿತ್ರೆ ನೋಡಿ. ಮೊದಲ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ ಅಂತ ಹೇಳೋ ಸಿಮ್ಯುಲಾ 67 ಹುಟ್ಟಿದ್ದು ನಾರ್ವೆಯಲ್ಲಿ. ಅದನ್ನ ಮಾಡಿದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ‘ನಾಲ್ಕು ಪಿಲ್ಲರ್ ಕಂಡುಹಿಡಿಯೋಣ’ ಅಂತ ಕೂತಿರಲಿಲ್ಲ. ಹೆಸರೇ ಹೇಳೋ ಹಾಗೆ, ಅವರಿಗೆ ನಿಜ ಜಗತ್ತಿನ ಕೆಲಸಗಳನ್ನ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡಬೇಕಿತ್ತು. ಒಂದೊಂದು ವಸ್ತುವೂ ತನ್ನ ಡೇಟಾ ತಾನೇ ಇಟ್ಕೊಂಡು ತನ್ನ ಕೆಲಸ ತಾನೇ ಮಾಡೋ ಹಾಗೆ ಬರೆಯೋ ಅಗತ್ಯ ಇತ್ತು. ಅಗತ್ಯ ಮೊದಲು, ಕ್ಲಾಸ್ ಆಮೇಲೆ. ಇಬ್ಬರಿಗೂ 2001ರ ಟ್ಯೂರಿಂಗ್ ಅವಾರ್ಡ್ ಬಂತು.

ಪಿಎಚ್‌ಪಿ ಭಾಷೆಯೂ ಅಣ್ಣ ನಡೆದ ದಾರಿಯಲ್ಲೇ ನಡೆದಿದೆ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಅದನ್ನ ಬಿಡುಗಡೆ ಮಾಡಿದಾಗ ಅದು ವೆಬ್ ಪೇಜ್‌ಗೆ ಬೇಕಾದ ಕೆಲವು ಟೂಲ್‌ಗಳ ಗಂಟು ಅಷ್ಟೇ. ಪ್ರೈವೇಟ್, ಪ್ರೊಟೆಕ್ಟೆಡ್ ಅನ್ನೋ ಪದಗಳು ಆ ಭಾಷೆಗೆ ಬಂದಿದ್ದು 2004ರಲ್ಲಿ, ಪಿಎಚ್‌ಪಿ 5ರ ಜೊತೆ. ಅಷ್ಟರಲ್ಲಿ ಜನ ಅದರಲ್ಲಿ ದೊಡ್ಡ ದೊಡ್ಡ ಸೈಟ್ ಕಟ್ಟಿ, ಗೋಜಲು ಮಾಡಿಕೊಂಡು, ಪರಿಹಾರ ಹುಡುಕ್ತಾ ಇದ್ರು.

ನಮ್ಮ ಕ್ಲಬ್‌ನವರಿಗೆ ಹತ್ತಿರದ ಉದಾಹರಣೆ ಬೇಕು ಅಂದ್ರೆ ಕನ್ನಡ ವಿಕಿಪೀಡಿಯ ಇದೆ. 2003ರಲ್ಲಿ ಶುರುವಾಗಿದ್ದು. ಅದರ ಹಿಂದೆ ಓಡೋದು ಮೀಡಿಯಾವಿಕಿ ಅನ್ನೋ ಪಿಎಚ್‌ಪಿ ಸಾಫ್ಟ್‌ವೇರ್. ಅದರ ಹಳೇ ಕೋಡ್‌ನಲ್ಲಿ ಕ್ಲಾಸ್‌ಗಳು ಇದ್ದವು. ಆದ್ರೂ ‘ಈಗ ಲಾಗಿನ್ ಆಗಿರೋದು ಯಾರು’ ಅನ್ನೋದು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇರ್ತಿತ್ತು. ಯಾವ ಫೈಲ್ ಬೇಕಾದ್ರೂ ಓದಬಹುದು, ಯಾವ ಫೈಲ್ ಬೇಕಾದ್ರೂ ಬದಲಾಯಿಸಬಹುದು. 2011ರಲ್ಲಿ ಬಂದ ವರ್ಷನ್‌ನಲ್ಲಿ ಅದಕ್ಕೆ ಅಂತಲೇ ಒಂದು ಕಾಂಟೆಕ್ಸ್ಟ್ ಆಬ್ಜೆಕ್ಟ್ ತಂದ್ರು. ಆಮೇಲೂ ಆ ಗ್ಲೋಬಲ್‌ನ ಒಂದೇ ದಿನ ಕಿತ್ತು ಬಿಸಾಡಲಿಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡಿಸಿದ್ರು. ಇದರಿಂದ ಎರಡು ಮಾತು ಗೊತ್ತಾಗುತ್ತೆ. ಕ್ಲಾಸ್ ಅಂತ ಬರೆದ ಮಾತ್ರಕ್ಕೆ ಜವಾಬ್ದಾರಿ ಹಂಚಿಕೆ ಆಗಿಬಿಡಲ್ಲ. ಮತ್ತೆ, ಓಡ್ತಾ ಇರೋ ಸಾಫ್ಟ್‌ವೇರ್ ಅನ್ನ ನಿಲ್ಲಿಸದೆ ಬದಲಾಯಿಸೋದೇ ಒಂದು ವಿದ್ಯೆ, ಅದನ್ನ ನಮಗೆ ಯಾರೂ ಹೇಳಿಕೊಡ್ತಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಲಿನಕ್ಸ್ ಕರ್ನಲ್ ಬಹುಪಾಲು ಸಿ ಭಾಷೆಯಲ್ಲಿದೆ. ಕ್ಲಾಸ್ ಅನ್ನೋ ಪದವೇ ಸಿಯಲ್ಲಿ ಇಲ್ಲ. ಆದ್ರೂ ಫೈಲ್ ಆಪರೇಷನ್ಸ್ ಅಂತ ಒಂದು ಸ್ಟ್ರಕ್ಟ್ ಇದೆ, ಅದರ ತುಂಬಾ ಫಂಕ್ಷನ್ ಪಾಯಿಂಟರ್‌ಗಳು. ಓದು ಅಂದ್ರೆ ಪ್ರತಿ ಡ್ರೈವರ್ ತನ್ನ ರೀತಿಯಲ್ಲಿ ಓದುತ್ತೆ. ಛತ್ರದ ಬಿಲ್‌ನಲ್ಲಿ ನೋಡಿದ ಐಡಿಯಾನೇ ಇದು. ಫಸ್ಟ್ ಇಯರ್‌ನಲ್ಲಿ ನಾವು ಶಾಪ ಹಾಕ್ತಾ ಕಲಿತ ಫಂಕ್ಷನ್ ಪಾಯಿಂಟರ್ ಇಲ್ಲಿ ಕೆಲಸಕ್ಕೆ ಬಂತು ನೋಡಿ.

‘ಆದ್ರೆ ಪ್ಲೇಸ್‌ಮೆಂಟ್?’

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಇಂಟರ್‌ವ್ಯೂನಲ್ಲಿ ನಾಲ್ಕು ಪಿಲ್ಲರ್ ಕೇಳ್ತಾರೆ, ಡೆಫಿನಿಷನ್ ಬರಬೇಕಲ್ವಾ ಅಂತ. ಬರಬೇಕು, ಬೇಡ ಅನ್ನಲ್ಲ. ಆದ್ರೆ ಡೆಫಿನಿಷನ್ ನಂತರ ‘ಒಂದು ಉದಾಹರಣೆ ಕೊಡಿ’ ಅಂತಾರೆ. ಆಗ ಎಲ್ಲರೂ ಹೇಳೋದು ಅನಿಮಲ್, ಡಾಗ್, ಕ್ಯಾಟ್. ಒಬ್ಬಳು ಹುಡುಗಿ ‘ಸರ್, ಒಂದು ಛತ್ರ ಇದೆ, ಮದುವೆ ಅಂದ್ರೆ ಹಿಂದಿನ ದಿನ ಸಂಜೆನೂ ಬೇಕು’ ಅಂತ ಶುರು ಮಾಡಿದ್ರೆ ಯಾರು ನೆನಪಲ್ಲಿ ಉಳೀತಾರೆ, ನೀವೇ ಹೇಳಿ.

ಇನ್ನು ಕೆಲವರು ಊಪ್ಸ್ ಹಳೇದಾಯ್ತು ಅಂತಾರೆ. ಅವರ ಮಾತಲ್ಲೂ ಅರ್ಥ ಇದೆ. ರಿಯಾಕ್ಟ್‌ನಲ್ಲಿ 2019ರಲ್ಲಿ ಹುಕ್ಸ್ ಬಂದ ಮೇಲೆ ಹೊಸ ಕೋಡ್‌ನಲ್ಲಿ ಕ್ಲಾಸ್ ಕಾಂಪೊನೆಂಟ್ ಬರೆಯೋರು ಕಡಿಮೆ. ಗೋ ಭಾಷೆಯಲ್ಲಿ ಕ್ಲಾಸೂ ಇಲ್ಲ, ಇನ್ಹೆರಿಟೆನ್ಸೂ ಇಲ್ಲ. ಅದಕ್ಕೇ ನಾನು ಹೇಳ್ತಿರೋದು, ಪದ ಹಿಡ್ಕೋಬೇಡಿ, ಪ್ರಶ್ನೆ ಹಿಡ್ಕೊಳ್ಳಿ ಅಂತ. ‘ಈ ಡೇಟಾಗೆ ಯಾರು ಜವಾಬ್ದಾರ? ಇದನ್ನ ಬದಲಾಯಿಸೋ ಹಕ್ಕು ಯಾರಿಗಿದೆ?’ ಈ ಪ್ರಶ್ನೆ ಯಾವ ಭಾಷೆಗೆ ಹೋದ್ರೂ ಹಳೇದಾಗಲ್ಲ. ಬರೀ ಎಕ್ಸ್‌ಟೆಂಡ್ಸ್ ಅಂತ ಬರೆಯೋದು ಕಲಿತವರಿಗೆ ಮಾತ್ರ ಪ್ರತಿ ಸಲ ಹೊಸದಾಗಿ ಶುರು ಮಾಡಬೇಕು.

ಏನು ಮಾಡಬಹುದು?

ಸಿಲಬಸ್ ಬದಲಾಯಿಸೋದು ನಮ್ಮ ಕೈಯಲ್ಲಿಲ್ಲ. ಆದ್ರೆ ಲ್ಯಾಬ್ ನಡೆಸೋ ಮೇಡಂ, ಸರ್‌ಗಳಿಗೆ ಒಂದು ವಿನಂತಿ. ಸೆಮಿಸ್ಟರ್ ಮೊದಲ ವಾರದಲ್ಲೇ ನಮಗೆ ಐನೂರು, ಆರುನೂರು ಸಾಲಿನ ಪ್ರೊಸೀಜರಲ್ ಪ್ರೋಗ್ರಾಂ ಒಂದನ್ನ ಕೊಡಿ. ಹಾಸ್ಟೆಲ್ ಮೆಸ್ ಲೆಕ್ಕನೋ, ಲೈಬ್ರರಿ ಫೈನ್ ಲೆಕ್ಕನೋ, ಯಾವುದಾದ್ರೂ ಸರಿ. ಎರಡು ಗಂಟೆಯಲ್ಲಿ ಅದಕ್ಕೆ ಒಂದು ಹೊಸ ರೂಲ್ ಸೇರಿಸಿ ಅಂತ ಹೇಳಿ. ನಾವು ಒದ್ದಾಡಲಿ. ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಮುರೀಲಿ. ಆಮೇಲೆ ಕ್ಲಾಸ್ ಅಂದ್ರೇನು ಅಂತ ಪಾಠ ಮಾಡಿ. ಸೆಮಿಸ್ಟರ್ ಕೊನೆಗೆ ಅದೇ ಪ್ರೋಗ್ರಾಂ ಅನ್ನ ನಾವೇ ಬದಲಾಯಿಸಿ, ಮತ್ತೆ ಅಂಥದ್ದೇ ಒಂದು ರೂಲ್ ಸೇರಿಸಿ ನೋಡೋಣ. ನಾಲ್ಕು ಪಿಲ್ಲರ್‌ನ ಯಾರೂ ಬಾಯಿಪಾಠ ಮಾಡಬೇಕಾಗಲ್ಲ.

ಜೂನಿಯರ್‌ಗಳಿಗೂ ಒಂದು ಮಾತು. ಪ್ರಾಜೆಕ್ಟ್ ಶುರು ಮಾಡೋವಾಗ ಮೊದಲ ದಿನವೇ ಹತ್ತು ಕ್ಲಾಸ್ ಬರೀಬೇಡಿ. ಫಂಕ್ಷನ್‌ಗಳಲ್ಲೇ ಬರೀರಿ. ಒಂದೇ ಇಫ್ ಅನ್ನ ಮೂರನೇ ಸಲ ಮೂರನೇ ಫೈಲ್‌ನಲ್ಲಿ ಟೈಪ್ ಮಾಡ್ತಿದ್ದೀರಿ ಅಂತ ಗೊತ್ತಾದ ಕ್ಷಣ ಕೈ ನಿಲ್ಲಿಸಿ. ಆ ಇಫ್‌ಗೆ ಯಜಮಾನ ಯಾರಾಗಬೇಕು ಅಂತ ಯೋಚಿಸಿ. ಅದೇ ನಿಮ್ಮ ಮೊದಲ ಕ್ಲಾಸ್.

ಮತ್ತೆ, ಆ ಕ್ಲಾಸ್ ಏನು ಮಾಡುತ್ತೆ ಅಂತ ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಹೇಳಿ ನೋಡಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್‌ನಲ್ಲಿ ‘ಮ್ಯಾನೇಜರ್’, ‘ಹ್ಯಾಂಡ್ಲರ್’, ‘ಹೆಲ್ಪರ್’ ಅಂತ ಹೆಸರಿಟ್ಟು ತಪ್ಪಿಸಿಕೊಳ್ಳಬಹುದು, ಏನು ಮಾಡುತ್ತೆ ಅಂತ ಗೊತ್ತಿಲ್ಲದಿದ್ರೂ ನಡೆಯುತ್ತೆ. ಕನ್ನಡದಲ್ಲಿ ‘ಬುಕಿಂಗ್‌ಗೆ ತನಗೆ ಯಾವ ಹೊತ್ತು ಬೇಕು ಅಂತ ಗೊತ್ತು’ ಅಂತ ಹೇಳೋಕೆ ಹೋದಾಗ, ನಿಜವಾಗಿ ಗೊತ್ತಿದೆಯಾ ಇಲ್ವಾ ಅನ್ನೋದು ತಕ್ಷಣ ಬಯಲಾಗುತ್ತೆ. ಹಾಗೆ ಹೇಳೋಕೆ ಬರಲಿಲ್ಲ ಅಂದ್ರೆ ಆ ಕ್ಲಾಸ್ ಬೇಕಾಗೇ ಇಲ್ಲ ಅಂತಲೇ ನನ್ನ ಲೆಕ್ಕ. ಒಪ್ಪದೇ ಇರೋರು ಇದೇ ಪತ್ರಿಕೆಗೆ ಉತ್ತರ ಬರೀರಿ, ಆದ್ರೆ ದಯವಿಟ್ಟು ಸರ್ಕಲ್, ಟ್ರಯಾಂಗಲ್ ಬಿಟ್ಟು ಬೇರೆ ಉದಾಹರಣೆ ಕೊಡಿ.